ದೀಪವಿಲ್ಲದ ಸೈಕಲ್ಲು

ಕಾರ್ತು ಸೈಕಲ್ಲನ್ನು ಹತ್ತದೆ, ಕೈಯಲ್ಲೇ ತಳ್ಳಿಕೊಂಡು ಬಂದಳು. ಆದಿವಾಸಿಗಳ ನೆಲ್ಲಿಕೊಲ್ಲಿ ಹಾಡಿಯಿಂದ ಗುರುಮೂರ್ತಿಯ ತೋಟದ ಮನೆಗೆ ನಾಲ್ಕು ಕಿಲೋಮೀಟರು, ಅದರಲ್ಲಿ ಮೂರು ಕಾಡಿನ ದಾರಿ. ಅವಳ ಗಂಡ ಕರಿಯನನ್ನು ಆನೆ ತುಳಿದು ಅಂದಿಗೆ ಹನ್ನೆರಡು ದಿನ. ಅಂಗಳದ ತುಂಬ ಕಾಫಿ ಹರವಿತ್ತು. ಒಂದು ಹಣ್ಣೂ ಕಾಲಿಗೆ ಸಿಗದ ಹಾಗೆ ಅಂಚಿನಲ್ಲೇ ಸುತ್ತು ಹಾಕಿ ಬಂದು, ಸ್ಟ್ಯಾಂಡಿಲ್ಲದ ಆ ಕೆಂಪು ಗೇರ್ ಸೈಕಲ್ಲನ್ನು ಸೌದೆ ಕೊಟ್ಟಿಗೆಯ ಗೋಡೆಗೆ ಒರಗಿಸಿದಳು.

ಗುರುಮೂರ್ತಿಯ ಹೆಂಡತಿ ಸುಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕೈಯಲ್ಲಿದ್ದ ಸೌಟಿನಿಂದ ಸಾರು ತೊಟ್ಟಿಕ್ಕುತ್ತಿತ್ತು.

“ಬಾ ಕಾರ್ತು, ಕೂತ್ಕೊ. ವಸಿ ಕಾಫಿ ಕುಡಿ.”

“ವೇಂಡ ಅಮ್ಮಾ, ಬೇಡ.”

“ಇದನ್ಯಾಕೆ ಅಷ್ಟು ದೂರದಿಂದ ತಳ್ಕೊಂಡು ಬಂದೆ?”

“ಇದು ನೀವು ಕೊಟ್ಟದ್ದು. ಅವನ ಕತ್ತಿ, ಕಂಬಳಿ, ಎಲೆ ಅಡಿಕೆ ಡಬ್ಬಿ ಎಲ್ಲಾ ಅವನ ಜೊತೇಲೇ ಮಣ್ಣಿಗೆ ಹಾಕಿದ್ವಿ. ಇದು ಅವನ ಜೊತೆ ಹೋಗೋ ಹಾಗಿಲ್ಲ. ಕೊಟ್ಟವರ ಮಾತು ಬಾಕಿ ಅದೆ.”

“ಎಂಥ ಮಾತು?”

ಕಾರ್ತು ಅವಳ ಮುಖವನ್ನೇ ನೋಡಿದಳು. ಹದಿನಾರು ವರ್ಷ ಈ ಅಂಗಳದಲ್ಲಿ ಬಗ್ಗಿಯೇ ದುಡಿದ ಹೆಂಗಸು ಅವತ್ತು ನೆಟ್ಟಗೆ ನಿಂತು ನೋಡಿದಳು. “ನಿಮಗೇ ಗೊತ್ತಲ್ಲಾ” ಎಂದವಳು ಬಂದ ಹಾಗೆಯೇ ಅಂಚಿನಲ್ಲಿ ಸುತ್ತಿಕೊಂಡು ಹೊರಟುಹೋದಳು.

ಜಗಲಿಯಲ್ಲಿ ಕೂತು ಮೆಣಸು ಕೇರುತ್ತಿದ್ದ ಅತ್ತೆ ಗುರುಬಸಮ್ಮನಿಗೆ ಇದೆಲ್ಲ ಅರ್ಧ ಕಂಡಿತು, ಅರ್ಧ ಕೇಳಿಸಿತು. ಅಷ್ಟರಲ್ಲೇ ಅವರು ತೀರ್ಪು ಕೊಟ್ಟಾಯಿತು.

“ನೋಡ್ದಾ ಮೂರ್ತಿ, ಕೊಟ್ಟ ಸಾಮಾನನ್ನೂ ವಾಪಸ್ ತಂದು ಕೊಟ್ಟವ್ಳೆ. ಮನಸಲ್ಲಿ ಏನೂ ಇಟ್ಕೊಂಡಿಲ್ಲ ಕಣಪ್ಪ. ನಮ್ಮೋರಾಗಿದ್ರೆ ಕೋರ್ಟು ಕಚೇರಿ ಅಂತ ಕುಣಿಯೋರು.”

ಗುರುಮೂರ್ತಿ ಉಸಿರು ಬಿಟ್ಟ. ಹನ್ನೆರಡು ದಿನದಿಂದ ಮುದ್ದೆ ಮುರಿದು ಮುರಿದು ಬಿಡುತ್ತಿದ್ದವನು ಆ ಮಧ್ಯಾಹ್ನ ಎರಡು ಮುದ್ದೆ ಉಂಡ.

ಗುರುಮೂರ್ತಿ ಕೆಟ್ಟವನೆಂದು ಮಲಯಾಳ ಸೀಮೆಯ ಈ ತೋಲ್ಪೆಟ್ಟಿಯ ಸುತ್ತ ಯಾರೂ ಹೇಳುವುದಿಲ್ಲ. ಗುಂಡ್ಲುಪೇಟೆ ಕಡೆಯಿಂದ ಅವನಪ್ಪ ಬಂದು ಕಾಫಿ, ಮೆಣಸು ಹಾಕಿದ ಜಾಗ. ಕೂಲಿಯನ್ನು ವಾರಕ್ಕೆ ಸರಿಯಾಗಿ ಕೊಡುತ್ತಾನೆ. ಕೆಲಸದವರಿಗೆ ಮಧ್ಯಾಹ್ನ ಬಿಸಿ ಗಂಜಿ ಹಾಕಿಸುತ್ತಾನೆ, ಸೌದೆ ಕೊಟ್ಟಿಗೆಯ ಗೂಡಿನಲ್ಲಿ ಬೇರೆ ಇಟ್ಟಿರುವ ತಟ್ಟೆಗಳಲ್ಲಿ. ಕರಿಯನ ತಟ್ಟೆ ಈಗಲೂ ಆ ಗೂಡಿನಲ್ಲಿದೆ. ಮೂರು ಹೊತ್ತು ವಿಭೂತಿ ಧರಿಸಿ ಲಿಂಗಪೂಜೆ ಮಾಡುವ ಮನೆಯಲ್ಲಿ ಆ ತಟ್ಟೆಗಳು ಯಾಕೆ ಒಳಗೆ ಬರುವುದಿಲ್ಲ ಎಂದು ಯಾರೂ ಕೇಳಿರಲಿಲ್ಲ. ಕೇಳದೇ ಇದ್ದದ್ದರಿಂದ ಯಾರೂ ಕೆಟ್ಟವರಾಗಿರಲಿಲ್ಲ.

ಕಾಡಿನ ದಾರಿಯ ಹಾಡಿಗಳಿಂದ ಆಳುಗಳನ್ನು ಬೆಳಿಗ್ಗೆ ಜೀಪಿನಲ್ಲಿ ಕರೆತರುವುದು, ಸಂಜೆ ಜೀಪಿನಲ್ಲೇ ಬಿಟ್ಟು ಬರುವುದು ಇಲ್ಲಿನ ತೋಟಗಳ ವಾಡಿಕೆ. ಕೂಲಿ ಮಾತಾಡುವಾಗಲೇ ಜೀಪೂ ಮಾತಿನೊಳಗೆ ಬಂದಿರುತ್ತದೆ. ಗುರುಮೂರ್ತಿಯೂ ವರ್ಷಗಟ್ಟಲೆ ಬಿಟ್ಟು ಬಂದ. ಎರಡು ವರ್ಷದ ಹಿಂದೆ ಮುಚ್ಚಿಹೋದ ಒಂದು ರೆಸಾರ್ಟಿನವರು ಮಂಚ, ಕುರ್ಚಿ, ಬೀರು ಮಾರುವಾಗ ಅದರ ಜೊತೆ ಈ ಸೈಕಲ್ಲೂ ಸಿಕ್ಕಿತು. ಯಾವುದೋ ದೇಶದ್ದು, ದಪ್ಪ ಟಯರಿನ, ಬೆಟ್ಟ ಹತ್ತುವ ಹಳೇ ಸೈಕಲ್ಲು. ಮಗಳು ಅಮೃತಾ ಕಾಲೇಜಿಗೆ ಓಡಿಸಲಿ ಎಂದು ತಂದ. ಅವಳು ಒಂದು ಸುತ್ತು ಹಾಕಿ, “ಅಪ್ಪಾ, ಇದು ಎಮ್ಮೆ ಥರ ಇದೆ” ಎಂದು ಬಿಟ್ಟಳು. ಮಳೆಗಾಲ ಪೂರ್ತಿ ಕೊಟ್ಟಿಗೆಯಲ್ಲಿ ಬಿದ್ದಿತ್ತು. ಆಮೇಲೆ ಒಂದು ಬೆಳಿಗ್ಗೆ ಗುರುಮೂರ್ತಿ ಕರಿಯನನ್ನು ಕರೆದು, “ತಗೊಳ್ಳೋ, ನಿಂಗೇ ಇಟ್ಕೊ” ಎಂದ. ಕರಿಯನ್ ಮೂರು ದಿನ ಅದನ್ನು ಒರೆಸಿದ್ದೇ ಒರೆಸಿದ್ದು. ಹಳೇ ಕಬ್ಬಿಣದ ಪಟ್ಟಿ ಬಗ್ಗಿಸಿ, ತಂತಿ ಸುತ್ತಿ, ಹಿಂದೆ ತಾನೇ ಒಂದು ಕ್ಯಾರಿಯರ್ ಕಟ್ಟಿಕೊಂಡ. ಹಾಡಿಯಲ್ಲಿ ಅದು ಮೊದಲ ಗೇರ್ ಸೈಕಲ್ಲು.

ಆವತ್ತಿನಿಂದ ಜೀಪು ನಿಂತಿತು. ಕೊಯ್ಲಿನ ಹೆಂಗಸರು ನಾಲ್ಕಕ್ಕೆ ಬಿಟ್ಟು, ಬೆಳಕಿರುವಾಗಲೇ ಗುಂಪಾಗಿ ಮಾತಾಡುತ್ತ ನಡೆದು ಹೋಗುವುದಾಯಿತು. ಕರಿಯನಿಗೆ ಸೈಕಲ್ಲಿತ್ತು. ಹಾಗಾಗಿ ಕರಿಯನನ್ನು ಇನ್ನೊಂದು ಗಂಟೆ ನಿಲ್ಲಿಸಿಕೊಳ್ಳಬಹುದಾಗಿತ್ತು.

ಜನವರಿಯ ಆ ದಿನವೂ ನಿಲ್ಲಿಸಿಕೊಂಡರು. ಹೊತ್ತಲ್ಲದ ಹೊತ್ತಿನಲ್ಲಿ ಮೋಡ ಕವಿಯಿತು. ಅಂಗಳದ ಕಾಫಿಯೆಲ್ಲ ಗುಡ್ಡೆ ಮಾಡಿ ಟಾರ್ಪಾಲು ಹೊದಿಸಿ, ಮೂಲೆಮೂಲೆಗೂ ಕಲ್ಲು ಹೇರಿ ಮುಗಿಸುವಾಗ ಏಳು ದಾಟಿತು. ಮಳೆ ಬರಲಿಲ್ಲ. ಕರಿಯನ್ ಕೈಕಾಲು ತೊಳೆದುಕೊಂಡು ಅಡುಗೆಮನೆಯ ಹಿಂಬಾಗಿಲಿಗೆ ಬಂದ.

“ಅಮ್ಮಾ, ಟಾರ್ಚ್ ಒಂದು ಕೊಡ್ತೀರಾ? ಮೊಬೈಲಿಗೆ ಚಾರ್ಜಿಲ್ಲ. ನಾಳೆ ಬೆಳಿಗ್ಗೆ ತರ್ತೀನಿ.”

ಟಾರ್ಚು ಫ್ರಿಜ್ಜಿನ ಮೇಲೇ ಇತ್ತು. ಸುಮ ರೊಟ್ಟಿ ತಟ್ಟುತ್ತಿದ್ದಳು. ಕೈ ಹಿಟ್ಟಾಗಿತ್ತು. ಹೋದ ಸಲ ಒಯ್ದವನು ನಾಲ್ಕು ದಿನ ಬಿಟ್ಟು ತಂದಿದ್ದ.

“ಕರೆಂಟ್ ಹೋದ್ರೆ ಅತ್ತೆಗೆ ಬೇಕು ಕಣೋ, ಅವ್ರಿಗೆ ಕತ್ತಲಲ್ಲಿ ಕಣ್ಣು ಕಾಣಲ್ಲ. ನೀನು ದಿನಾ ಓಡಾಡೋ ದಾರಿ ತಾನೆ?”

“ಸರಿ ಅಮ್ಮಾ” ಎಂದು ಅವನು ಹೊರಟ. ಹಾಲಿನ ವ್ಯಾನಿನವನು ಎಂಟೂವರೆಗೆ ಬಿದಿರು ಮೆಳೆಯ ತಿರುವಿನಲ್ಲಿ ಅವನನ್ನು ಕಂಡ. ಸೈಕಲ್ಲು ಚರಂಡಿಯಲ್ಲಿತ್ತು, ಹ್ಯಾಂಡಲ್ಲು ಒಂದಿಷ್ಟು ತಿರುಗಿದ್ದು ಬಿಟ್ಟರೆ ಅದಕ್ಕೇನೂ ಆಗಿರಲಿಲ್ಲ. ಆ ರಾತ್ರಿ ಕರೆಂಟೂ ಹೋಗಲಿಲ್ಲ.

ಬೆಳಿಗ್ಗೆ ಅರಣ್ಯ ಇಲಾಖೆಯ ರೇಂಜ್ ಆಫೀಸಿನವರು ಬಂದು ಜಗಲಿಯಲ್ಲಿ ಕೂತು ಕೇಳಿದಾಗ ಗುರುಮೂರ್ತಿ, “ನಾಲ್ಕಕ್ಕೇ ಬಿಟ್ಟು ಹೋದ ಸಾರ್, ಎಲ್ಲರ ಜೊತೆ” ಎಂದ. ಹಾಗೆ ಹೇಳು ಎಂದು ರಾತ್ರಿಯೇ ಗುರುಬಸಮ್ಮ ಹೇಳಿದ್ದರು. ಸುಮ ಚಹಾದ ತಟ್ಟೆ ಹಿಡಿದು ಪಕ್ಕದಲ್ಲೇ ಇದ್ದಳು. ಸಕ್ಕರೆ ಸಾಕಾ ಎಂದು ಕೇಳಿದಳು. ಅಷ್ಟೇ ಅವಳು ಆಡಿದ ಮಾತು.

ಕಾರ್ತು ಸೈಕಲ್ಲು ಬಿಟ್ಟು ಹೋದ ಮೇಲೆ ಮತ್ತೆ ಕೆಲಸಕ್ಕೆ ಬರಲಿಲ್ಲ. ಕೊಯ್ಲಿನ ಹೆಂಗಸರಲ್ಲಿ ಅರ್ಧಕ್ಕರ್ಧ ಬರಲಿಲ್ಲ. ಪಾತ್ರೆ, ಕಸ, ಅಂಗಳ ಎಲ್ಲ ಸುಮಳ ಮೈಮೇಲೆ ಬಿತ್ತು. ಕಾಫಿ ಗಿಡದಲ್ಲೇ ಒಣಗತೊಡಗಿತು.

“ದುಡ್ಡಿಗೆ ಕಾಯ್ತಾ ಇರಬೇಕು” ಎಂದ ಗುರುಮೂರ್ತಿ. ಒಂದು ಮೂಟೆ ಅಕ್ಕಿ, ಒಂದು ಲಕೋಟೆ ಜೀಪಿನಲ್ಲಿ ಕಳಿಸಿದ. ಮಾರನೇ ದಿನ ಬೆಳಿಗ್ಗೆ ನೋಡಿದರೆ ಅಕ್ಕಿ ಮೂಟೆ ಗೇಟಿನ ಹತ್ತಿರ ಕೂತಿತ್ತು. ಲಕೋಟೆ ಅದರ ಮೇಲೆ, ಹಾರದಂತೆ ಒಂದು ಕಲ್ಲು ಹೇರಿಸಿಕೊಂಡು.

“ಕೊಬ್ಬು ನೋಡು” ಎಂದರು ಗುರುಬಸಮ್ಮ. ಮನಸಲ್ಲಿ ಏನೂ ಇಟ್ಟುಕೊಳ್ಳದವಳಿಗೆ ಎರಡೇ ವಾರದಲ್ಲಿ ಕೊಬ್ಬು ಬಂದಿತ್ತು.

ಊಟಕ್ಕೆ ಕೂತಾಗೆಲ್ಲ ಸೈಕಲ್ಲಿನ ಮಾತೇ. ಕಿಟಕಿಯಿಂದ ನೋಡಿದರೆ ಅದು ನೇರ ಕಾಣುತ್ತಿತ್ತು.

“ಗುಜರಿಯವನಿಗೆ ಹಾಕ್ಬುಡು” ಎಂದರು ಅತ್ತೆ. “ಸತ್ತೋನು ಹತ್ತಿದ ಗಾಡಿ, ಮನೆ ಮುಂದೆ ಬ್ಯಾಡ.”

“ಗುಜರಿಗೆ ಯಾಕವ್ವ? ಹಳೇ ಸೈಕಲ್ಲಿಗೆ ಈಗ ಬೆಲೆ ಇದೆಯಂತೆ. ಫೋಟೋ ಹಾಕಿದ್ದೆ. ಮೀನಂಗಡಿ ಅನ್ನೋ ಊರಿನೋನೊಬ್ಬ ನೋಡೋಕೆ ಬರ್ತಾನೆ.”

ಅಮೃತಾ ತಟ್ಟೆಯಿಂದ ತಲೆ ಎತ್ತಿದಳು. “ಕರಿಯನ್ ಮಗಳು ಅಂಜು ಇದ್ದಾಳಲ್ಲ, ಪ್ಲಸ್ ಟೂ. ಅವಳಿಗೆ ಕೊಟ್ರೆ ಆಗಲ್ವಾ?”

“ಅವರೇ ತಂದು ಬಿಟ್ಟಿರೋದನ್ನ ಮತ್ತೆ ಅವರಿಗೇ ಕೊಡೋದಾ? ನೀನೇನಂತೀಯ ಸುಮಾ?”

“ಸಾರು ಹಾಕ್ಲಾ?” ಎಂದಳು ಸುಮ.

ಮೀನಂಗಡಿಯ ಪ್ರಜಿತ್ ಒಂದು ಭಾನುವಾರ ಬಂದ. ಹಳೆಯ ಸೈಕಲ್ಲು ಕೊಂಡು, ರಿಪೇರಿ ಮಾಡಿ, ಶೋಕಿಯವರಿಗೆ ಮಾರುವವನು. ಸೈಕಲ್ಲಿನ ಮುಂದೆ ಮಂಡಿಯೂರಿ ಕೂತು, ಚೌಕಟ್ಟನ್ನು ಬೆರಳಿನಿಂದ ತಟ್ಟಿ ತಟ್ಟಿ ಕೇಳಿದ. ಹಿಂದಿನ ಚಕ್ರ ಎತ್ತಿ ತಿರುಗಿಸಿದ. ಚಕ್ರ ಟಿಕಟಿಕ ಎನ್ನುತ್ತ ಬಹಳ ಹೊತ್ತು ಸುತ್ತಿತು. ಸುಮ ಪ್ರತಿ ಸಂಜೆ ಕೇಳುತ್ತಿದ್ದ ಸದ್ದು ಅದು, ಗೇಟು ದಾಟಿ ಇಳಿಜಾರಿನಲ್ಲಿ ಕರಗುವವರೆಗೆ.

“ಚೇಟ್ಟಾ, ಇದು ಅಸಲಿ ವಿಂಟೇಜ್. ತೊಂಬತ್ತರ ಕಾಲದ ಸ್ಟೀಲು” ಎಂದು ಅವನು ಮಲಯಾಳದಲ್ಲಿ ಶುರುಮಾಡಿ, ಮನೆಯವರ ಮುಖ ನೋಡಿ ಕನ್ನಡಕ್ಕೆ ಹೊರಳಿದ. “ಎಷ್ಟು ಚೆನ್ನಾಗಿ ಇಟ್ಕೊಂಡಿದ್ದಾರೆ! ಚೈನಿಗೆ ಎಣ್ಣೆ ನೋಡಿ. ಯಾರು ಓಡಿಸ್ತಿದ್ರು?”

“ಕೆಲಸದೋನು” ಎಂದ ಗುರುಮೂರ್ತಿ. “ಊರು ಬಿಟ್ಟು ಹೋದ.”

ಸುಮ ಗಂಡನತ್ತ ನೋಡಿದಳು. ಅವನು ಕಾಫಿ ರಾಶಿಯತ್ತ ನೋಡಿದ.

“ಹಿಂದೆ ಈ ಕ್ಯಾರಿಯರ್ ಒಂದು ಅಸಹ್ಯ. ಕಿತ್ತುಹಾಕಿಸಿ, ಬೆಲೆ ಬರುತ್ತೆ. ಬುಧವಾರ ವ್ಯಾನ್ ತರ್ತೀನಿ.”

ಜಗಲಿಯಿಂದ ಗುರುಬಸಮ್ಮ ಕೂಗಿ ಕೇಳಿದರು: “ಅಷ್ಟು ಬೆಲೆ ಅಂತೀಯ, ಒಂದು ದೀಪಾನೂ ಇಲ್ವಲ್ಲಪ್ಪ ಅದಕ್ಕೆ?”

ಪ್ರಜಿತ್ ನಕ್ಕ. “ಇದಕ್ಕೆ ದೀಪ ಬರೋದೇ ಇಲ್ಲ ಅಜ್ಜೀ. ಹಗಲು ಗುಡ್ಡ ಹತ್ತಿ ಇಳಿಯೋಕೆ ಮಾಡಿದ್ದು. ಕತ್ತಲಲ್ಲಿ ಇದನ್ನ ಯಾರು ಓಡಿಸ್ತಾರೆ?”

ಗುರುಮೂರ್ತಿ ಇಕ್ಕಳ ತಂದು ಕ್ಯಾರಿಯರಿನ ತಂತಿಗೆ ಹಾಕಿದ.

“ಅದನ್ನ ಮುಟ್ಟಬೇಡಿ” ಎಂದಳು ಸುಮ.

“ಯಾಕೆ?”

“ಮುಟ್ಟಬೇಡಿ ಅಂದೆ.” ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. ಪ್ರಜಿತ್ ನಡುವೆ ಬಂದು, “ಪರವಾಗಿಲ್ಲ ಚೇಚೀ, ನಾನೇ ತೆಗೀತೀನಿ ಬಿಡಿ” ಎಂದು ಹೊರಟ.

ಮಂಗಳವಾರ ಅಮೃತಾ ಕಾಲೇಜಿನಿಂದ ಬಂದವಳು ಚೀಲವನ್ನು ಕುರ್ಚಿಯ ಮೇಲೆ ಎಸೆದಳು. ಕರಿಯನ್ ಸತ್ತ ದಿನ ಅವಳು ಮನೆಯಲ್ಲಿರಲಿಲ್ಲ. ಮಾನಂದವಾಡಿಯಲ್ಲಿ ಗೆಳತಿಯ ಅಕ್ಕನ ಮದುವೆಗೆ ಹೋಗಿ ಮಾರನೇ ದಿನ ಬಂದಿದ್ದಳು. ಅಪ್ಪ ಹೇಳಿದ್ದನ್ನೇ ನಂಬಿದ್ದಳು. ಎಲ್ಲರೂ ಊಟಕ್ಕೆ ಕೂತ ಮೇಲೆ ಕೇಳಿದಳು.

“ಅಪ್ಪಾ, ಕರಿಯನ್ ಎಷ್ಟೊತ್ತಿಗೆ ಹೋದ?”

“ಎಷ್ಟು ಸಲ ಹೇಳ್ಲಿ? ನಾಲ್ಕಕ್ಕೆ.”

“ನಾಲ್ಕಕ್ಕೆ ಹೋದೋನು ಎಂಟೂವರೆಗೆ ಎರಡು ಕಿಲೋಮೀಟರ್ ಆಚೆ ಸಿಕ್ತಾನಾ? ಸೈಕಲ್ ಓಡಿಸ್ತಿದ್ನಾ, ತಲೆ ಮೇಲೆ ಹೊತ್ಕೊಂಡು ಹೋಗ್ತಿದ್ನಾ?”

“ಊಟದ ಹೊತ್ತಲ್ಲಿ ಸತ್ತೋರ ಮಾತು ಬ್ಯಾಡ ಕಣೇ” ಎಂದರು ಗುರುಬಸಮ್ಮ.

“ಅಜ್ಜೀ, ಅವನು ಸತ್ತದ್ದೂ ಊಟದ ಹೊತ್ತಲ್ಲೇ. ಬಸ್ಸಲ್ಲಿ ಅಂಜು ಸಿಕ್ಕಿದ್ಲು. ನಾಲ್ಕು ಗಂಟೆ ಕಾಡೊಳಗೆ ಏನು ಮಾಡ್ತಿದ್ದ, ಕುಡಿದು ಬಿದ್ದಿದ್ನೋ, ಕಳ್ಳತನಕ್ಕೆ ಹೋಗಿದ್ನೋ ಅಂತ ಆಫೀಸಲ್ಲಿ ಕೇಳ್ತಿದ್ದಾರಂತೆ. ಪರಿಹಾರದ ಫೈಲು ಅಲ್ಲೇ ಕೂತಿದೆ. ಕಾರ್ತು ನಾಲ್ಕಕ್ಕೆ ಹೊರಟವಳು, ಗಂಡ ಇಲ್ಲೇ ಟಾರ್ಪಾಲು ಎಳೀತಿದ್ದ ಅಂತ ಹೇಳಿದ್ರೆ, ಹೆಂಡತಿ ಹಾಗೇ ಹೇಳ್ತಾಳೆ, ತೋಟದ ಮೊದಲಾಳಿ ಹೇಳಿರೋದು ಬೇರೆ ಅಂದ್ರಂತೆ. ಹಾಡೀಲಿ ಕುಡೀದೇ ಇರೋನು ಇವನೊಬ್ಬ ಅಂತ ನೀವೇ ಹೊಗಳ್ತಿದ್ರಲ್ಲಾ ಅಜ್ಜಿ?”

ಗುರುಬಸಮ್ಮ ಮಜ್ಜಿಗೆಯ ಲೋಟ ಕೆಳಗಿಟ್ಟರು.

“ಇನ್ನೊಂದು. ಕಾರ್ತು ಸೈಕಲ್ ತಂದದ್ದು ಕೊಡೋಕಲ್ಲ. ಕೊಟ್ಟೋರು ಹಾಡಿಗೆ ಬಂದು, ಯಾವಾಗ ಕೊಟ್ವಿ, ಯಾಕೆ ಕೊಟ್ವಿ ಅಂತ ಎಲ್ಲರ ಮುಂದೆ ಬಾಯಿಬಿಟ್ಟು ಹೇಳಿ ವಾಪಸ್ ತಗೋಬೇಕಂತೆ. ಅಲ್ಲೀವರೆಗೆ ಅವನ ಆತ್ಮ ಕಳಿಸೋ ಶಾಸ್ತ್ರ ಮಾಡಲ್ಲವಂತೆ. ನಲವತ್ತು ದಿನ ಆಯ್ತು. ಅವರು ಕಾಯ್ತಿರೋದು ಅಕ್ಕಿಗಲ್ಲ.”

“ಯಾಕೆ ಕೊಟ್ಟೆ ಅಂದ್ರೆ? ಪ್ರೀತಿಗೆ ಕೊಟ್ಟೆ!” ಗುರುಮೂರ್ತಿ ಎಂಜಲು ಕೈಯಲ್ಲೇ ಎದ್ದ. “ನಾನು ಏಳು ಗಂಟೆ ಅಂದಿದ್ರೆ ಏನಾಗ್ತಿತ್ತು ಗೊತ್ತಾ? ಕತ್ತಲಲ್ಲಿ ಕಾಡಿಗೆ ಅಟ್ಟಿದ ಅಂತ ಪೇಪರಲ್ಲಿ ಬರ್ತಿತ್ತು. ಮನೆ ಮುಂದೆ ಬಾವುಟ ಹಿಡ್ಕೊಂಡು ಕೂರೋರು. ಆನೆ ತುಳಿದದ್ದಕ್ಕೆ ನಾನು ಹೊಣೇನಾ?”

“ಏಳೂ ಇಪ್ಪತ್ತು” ಎಂದಳು ಸುಮ.

ಮೂವರೂ ತಿರುಗಿದರು. ಅವಳು ಬಡಿಸುವ ಸೌಟನ್ನು ಪಾತ್ರೆಯೊಳಗೆ ಬಿಟ್ಟು, ಗೋಡೆಗೆ ಒರಗಿ ನೆಲದ ಮೇಲೆ ಕೂತಳು.

“ಏಳೂ ಇಪ್ಪತ್ತಕ್ಕೆ ಹಿಂಬಾಗಿಲಿಗೆ ಬಂದ. ಟಾರ್ಚ್ ಕೇಳ್ದ. ಅತ್ತೆಗೆ ಬೇಕು ಅಂದೆ.”

“ನನ್ನ ಹೆಸರ್ಯಾಕೆ ತರ್ತೀಯ?” ಗುರುಬಸಮ್ಮ ತಟ್ಟೆ ದೂರ ಸರಿಸಿದರು. “ನಾನು ಕೇಳಿದ್ನಾ ಟಾರ್ಚು?”

“ನೀವು ಕೇಳ್ಲಿಲ್ಲ ಅತ್ತೆ. ಕೇಳಿದೋನು ಅವನು.”

ಆಮೇಲೆ ಆ ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಅನ್ನಕ್ಕೆ ನೀರು ಹಾಕಿಟ್ಟರು.

ಬುಧವಾರ ಬೆಳಗಾಗುತ್ತಲೇ ಸುಮ ಟಾರ್ಚನ್ನು ಬಟ್ಟೆ ಚೀಲಕ್ಕೆ ಹಾಕಿಕೊಂಡು ಸೈಕಲ್ಲಿನ ಹ್ಯಾಂಡಲ್ಲು ಹಿಡಿದಳು. ಅಮೃತಾ ಚಪ್ಪಲಿ ಮೆಟ್ಟಿಕೊಂಡು ಓಡಿ ಬಂದಳು.

“ನಾನೂ ಬರ್ತೀನಿ ಅಮ್ಮ.”

“ಬ್ಯಾಡ. ಟಾರ್ಚ್ ಇಲ್ಲ ಅಂದೋಳು ನೀನಲ್ಲ.”

ಕಾರ್ತು ಕೆಲಸಕ್ಕೆ ಬಂದ ಹದಿನಾರು ವರ್ಷದಲ್ಲಿ ಸುಮ ನೆಲ್ಲಿಕೊಲ್ಲಿಗೆ ಒಂದು ಸಲವೂ ಹೋಗಿರಲಿಲ್ಲ. ಹಾಡಿಯವರು ಅವಳ ಮನೆಗೆ ಬರುತ್ತಿದ್ದರು, ಅವಳ ಮನೆ ಅವರಲ್ಲಿಗೆ ಹೋಗುವ ಪದ್ಧತಿ ಇರಲಿಲ್ಲ. ಬಿದಿರು ಮೆಳೆಯ ತಿರುವಿನಲ್ಲಿ ಯಾರೋ ಕಲ್ಲಿನ ಮೇಲೆ ಎಲೆ ಅಡಿಕೆ ಇಟ್ಟಿದ್ದರು. ಹಗಲಲ್ಲೇ ಅಲ್ಲಿ ಮಬ್ಬುಗತ್ತಲು. ಸೈಕಲ್ಲಿನ ಟಿಕಟಿಕ ಬಿಟ್ಟರೆ ಬೇರೆ ಸದ್ದಿಲ್ಲ.

ಕರಿಯನ ತಾಯಿ ಚೀರು ಗುಡಿಸಲ ಮುಂದೆ ಬಿಸಿಲಿಗೆ ಕೂತಿದ್ದಳು. ಸೈಕಲ್ಲು ಕಂಡದ್ದೇ ಮುದುಕಿ ಒಂದು ಕೂಗು ಹಾಕಿದಳು. ಜನ ಒಬ್ಬೊಬ್ಬರಾಗಿ ಬಂದು ಕೂತರು. ಕಾರ್ತು ಬಂದಳು, ಸಮವಸ್ತ್ರದಲ್ಲಿದ್ದ ಅಂಜು ಬಸ್ಸು ಬಿಟ್ಟು ನಿಂತಳು. ಯಾರೂ ಬೈಯಲಿಲ್ಲ. ಬೈದಿದ್ದರೆ ಸುಮಳಿಗೆ ಎಷ್ಟೋ ಹಗುರವಾಗುತ್ತಿತ್ತು.

“ಯಾರು ಕೊಟ್ಟದ್ದು?” ಚೀರು ಕೇಳಿದಳು.

“ನಾವು.”

“ಯಾಕೆ ಕೊಟ್ರಿ?”

“ಅವನಿಗೆ ಅನುಕೂಲ ಆಗ್ಲಿ ಅಂತ.”

ಮುದುಕಿ ಸುಮ್ಮನೆ ಕಾದಳು. ಎಲ್ಲರೂ ಕಾದರು. ಒಂದು ಕೋಳಿ ಸೈಕಲ್ಲಿನ ಚಕ್ರದ ಸುತ್ತ ಕೆದಕಿ ಹೋಯಿತು.

“ಯಾಕೆ ಕೊಟ್ರಿ?”

“ಜೀಪು ಕಳಿಸೋದು ತಪ್ಪಲಿ ಅಂತ” ಎಂದಳು ಸುಮ. ಆಮೇಲೆ ತಡೆಯಿಲ್ಲದೆ ಬಂತು. ಮೋಡ, ಟಾರ್ಪಾಲು, ಏಳೂ ಇಪ್ಪತ್ತು, ಫ್ರಿಜ್ಜಿನ ಮೇಲಿದ್ದ ಟಾರ್ಚು, ಜಗಲಿಯ ಮೇಲೆ ಗಂಡ ಹೇಳಿದ ನಾಲ್ಕು ಗಂಟೆ, ತಾನು ಸಕ್ಕರೆ ಸಾಕಾ ಎಂದು ಕೇಳಿದ್ದು, ಎಲ್ಲವೂ. ಅಳಬಾರದು ಎಂದುಕೊಂಡೇ ಬಂದಿದ್ದಳು. ಅಳಲಿಲ್ಲ.

ಕಾರ್ತು ಒಳಗೆ ಹೋಗಿ ತನ್ನ ಕತ್ತಿ ತಂದಳು. ಸೈಕಲ್ಲಿನ ಹಿಂದೆ ಕೂತು, ಗಂಡ ಸುತ್ತಿದ ತಂತಿಯನ್ನು ಒಂದೊಂದೇ ಸುತ್ತಾಗಿ ಬಿಚ್ಚಿ, ಕ್ಯಾರಿಯರನ್ನು ತೆಗೆದು ಮಡಿಲಿಗಿಟ್ಟುಕೊಂಡಳು.

“ಇದು ಅವನು ಮಾಡ್ಕೊಂಡದ್ದು. ಅವನ ಜೊತೆ ಹೋಗ್ತದೆ. ಅದು ನಿಮ್ಮದು, ತಗೊಂಡು ಹೋಗಿ.”

“ಕಾರ್ತು...”

“ಬಿಸಿಲೇರ್ತದೆ ಅಮ್ಮಾ. ಹೊರಡಿ.”

ಅಂಜು ದಾರಿಯವರೆಗೆ ಬಂದಳು. “ಇಲ್ಲಿ ಹೇಳಿದ್ದನ್ನ ಆಫೀಸಲ್ಲೂ ಹೇಳ್ತೀರಾ?” ಎಂದು ಕೇಳಿದಳು. ಅವಳು ಅಮ್ಮಾ ಎನ್ನಲಿಲ್ಲ, ಚೇಚೀ ಎನ್ನಲಿಲ್ಲ, ಏನೂ ಎನ್ನಲಿಲ್ಲ.

“ಅಲ್ಲಿಗೇ ಹೋಗ್ತಿದ್ದೀನಿ.”

ಟಾರು ರಸ್ತೆ ಸೇರುವ ಮೊದಲೇ ಎದುರಿನಿಂದ ಜೀಪು ಬಂದು ನಿಂತಿತು. ಗುರುಮೂರ್ತಿ ಇಳಿಯದೆ ತಲೆ ಹೊರಗೆ ಹಾಕಿದ.

“ಪ್ರಜಿತ್ ವ್ಯಾನ್ ತಂದು ಕಾಯ್ತಾವ್ನೆ. ಸೈಕಲ್ ಹಿಂದೆ ಹಾಕು, ಹತ್ತು. ಈ ಕಾಡು ದಾರೀಲಿ ಒಬ್ಬಳೇ ಎಲ್ಲಿಗೆ ಹೊರಟೆ?”

ಸುಮ ಜೀಪನ್ನು ನೋಡಿದಳು. ಅದರ ಎರಡು ದೊಡ್ಡ ದೀಪಗಳನ್ನು ನೋಡಿದಳು.

“ಈಗ ಬಂತಾ ಜೀಪು?”

“ಸುಮಾ, ನನ್ನ ಮಾನ ಕಳೀಬ್ಯಾಡ.”

ಅವಳು ಸೈಕಲ್ಲು ತಳ್ಳಿಕೊಂಡು ಮುಂದೆ ನಡೆದಳು. ಜೀಪು ಅಲ್ಲೇ ತಿರುಗಿಕೊಳ್ಳಲು ಹೆಣಗಿತು. ಆಮೇಲೆ ಆಫೀಸಿನವರೆಗಿನ ಎರಡು ಕಿಲೋಮೀಟರೂ ಹಾರನ್ ಹಾಕದೆ ಅವಳ ಹಿಂದೆ, ಅವಳ ಹೆಜ್ಜೆಯ ವೇಗದಲ್ಲೇ ಬಂತು.

ರೇಂಜ್ ಆಫೀಸಿನ ಮುಂದೆ ಸೈಕಲ್ಲನ್ನು ಮೆಟ್ಟಿಲಿಗೆ ಒರಗಿಸಿ ಸುಮ ಒಳಗೆ ಹೋದಳು. ಮೇಜಿನ ಹಿಂದಿನವನು ಹಳೆಯ ಫೈಲು ಹುಡುಕಿ ತೆಗೆದು, ಹೊಸ ಹಾಳೆ ಹಾಕಿ, ಪೆನ್ನು ಬಿಚ್ಚಿದ.

“ಮೃತ ವ್ಯಕ್ತಿ ಹೊರಟ ಸಮಯ?”

“ಏಳೂ ಇಪ್ಪತ್ತು.”

ಅವನು ತಲೆ ಎತ್ತಿ ನೋಡಿ, ಬಗ್ಗಿ ಬರೆದ. “ಕತ್ತಲಾಗಿತ್ತಾ?”

“ಆಗಿತ್ತು.”

“ಅವನ ಹತ್ತಿರ ದೀಪ, ಬೆಳಕು ಏನಾದರೂ ಇತ್ತಾ?”

ಸುಮ ಚೀಲದಿಂದ ಟಾರ್ಚು ತೆಗೆದು ಅವನ ಹಾಳೆಯ ಪಕ್ಕದಲ್ಲಿ ಇಟ್ಟಳು. ಹೊರಗೆ ಜೀಪಿನ ಸದ್ದು ನಿಂತಿತು.

“ಇತ್ತು ಸಾರ್. ನಮ್ಮನೇಲಿತ್ತು.”